ರೋಝಿನಾಳ ಹೊಟ್ಟೆ ಮತ್ತು ನನ್ನ ಪಿಸುಮಾತು

ಸೋಮವಾರ, ಆಗಸ್ಟ್ 7. ಬೆಳಗ್ಗೆ ಎಂಟು

ಡಯಾಪರ್ ಬಿಚ್ಚಿದೆ. ಖಾಲಿ. ಒದ್ದೆ ಇದೆ, ಆದರೆ ಬರಬೇಕಾದದ್ದು ಬಂದಿಲ್ಲ. ದೀಪ ಹತ್ತಿದೆ, ಪರದೆ ಎದ್ದಿದೆ, ಪ್ರೇಕ್ಷಕ — ನಾನೊಬ್ಬನೇ — ಉಸಿರು ಬಿಗಿಹಿಡಿದು ಕೂತಿದ್ದೇನೆ, ನಾಯಕನ ಪ್ರವೇಶವೇ ಇಲ್ಲ! ಶುಕ್ರವಾರದಿಂದ ಇದೇ ಕಥೆ ಅಂತ ಮಗಳು ಕಾರ್ಲಾ ಹೊರಡುವಾಗ ಹೇಳಿದಳು.

ಕಥಾನಾಯಕಿ ರೋಝಿನಾ. ಮೊಮ್ಮಗಳು. ಏಳು ತಿಂಗಳು. ಈಗಷ್ಟೇ ಗಟ್ಟಿ ಊಟ ಶುರು — ಅಕ್ಕಿ ಗಂಜಿ, ಬಾಳೆಹಣ್ಣು. ಖುಷಿಯಾಗಿ ತಿನ್ನುತ್ತಾಳೆ. ತಿಂದದ್ದೆಲ್ಲ ಒಳಗೇ ಇಟ್ಟುಕೊಳ್ಳುತ್ತಾಳೆ. ಜಿಪುಣಿ.

ಈ ವಾರ ನನಗೆ ಆಡಿಷನ್. ಕಾರ್ಲಾ ಮೇಷ್ಟ್ರಮ್ಮ, ಮುಂದಿನ ಸೋಮವಾರ ಸ್ಕೂಲು ಶುರು. ಅಳಿಯ ಟ್ರೆವರ್ ಸಮುದ್ರದ ನಡುವೆ ಎಣ್ಣೆ ಬಾವಿಯ ಕೆಲಸದಲ್ಲಿ. ಮಗುವನ್ನು ಹಗಲೆಲ್ಲ ನಾನು ನೋಡಿಕೊಳ್ಳುವುದೋ, ಪಕ್ಕದೂರಿನ ಡೇಕೇರ್‌ಗೆ ಬಿಡುವುದೋ ಅಂತ ಶನಿವಾರದೊಳಗೆ ತೀರ್ಮಾನವಾಗಬೇಕು.

ಷರತ್ತು ಎರಡು. ಬಾಗಿಲಲ್ಲಿ ನಿಂತು, ಬೆರಳೆತ್ತಿ ಹೇಳಿದಳು:

"ಅಪ್ಪಾ, ನನ್ನ ಕೇಳ್ದೆ ಮಗು ಬಾಯಿಗೆ ಏನೂ ಹಾಕ್ಬೇಡ. ಮತ್ತೆ ಮನೆ ವಿಷಯ ಊರಿಗೆಲ್ಲ ಸಾರ್ಬೇಡ."

"ನಾನು ಯಾವಾಗಮ್ಮ ಸಾರಿದೆ?"

"ನಾನು ಬಸುರಿ ಅಂತ ಟ್ರೆವರ್‌ಗೆ ಮೊದಲು ಹೇಳಿದ್ದು ಯಾರು? ಪಾದ್ರಿ! ಪಾದ್ರಿಗೆ ಹೇಳಿದ್ದು ಯಾರು?"

ಸುಮ್ಮನಾದೆ. ನನ್ನ ಮಟ್ಟಿಗೆ ಅದೊಂದು ಸಾಧನೆ.

ಅದೇ ದಿನ, ಮಧ್ಯಾಹ್ನ

ಕಾಲು ಸೈಕಲ್ ತುಳಿಸಿದೆ. ಮಗುವನ್ನು ಅಂಗಾತ ಮಲಗಿಸಿ, ಎರಡೂ ಪಾದ ಹಿಡಿದು, ಎಡ — ಬಲ — ಎಡ — ಬಲ. ಜೊತೆಗೆ ಪೋಲ್ಕಾ ಕುಣಿತದ ತಾಳದಲ್ಲಿ ನಾನೇ ಕಟ್ಟಿದ ಪದ. ರೋಝಿನಾ ನಕ್ಕಳು. ಬೊಕ್ಕು ಬಾಯಿ ತೆರೆದು, ಇಡೀ ಮೈ ಕುಣಿಸಿ ನಕ್ಕಳು. ನಮ್ಮೂರು ಹ್ರಾಡೆಕ್‌ನ ಹಾಲ್‌ನಲ್ಲಿ ನಾವಾಡುತ್ತಿದ್ದ ನಾಟಕ ನಿಂತು ಎಷ್ಟೋ ವರ್ಷವಾಯಿತು. ಆಮೇಲೆ ನನಗೆ ಸಿಕ್ಕ ಮೊದಲ ಪ್ರೇಕ್ಷಕಿ ಇವಳು.

ಗಾಳಿ ಬಂತು. ಗಾಳಿ ಮಾತ್ರ.

ಈ ಪಾತ್ರ ನನಗೆ ಬೇಕು. ಬೇಕೇ ಬೇಕು.

ಮಂಗಳವಾರ, ಆಗಸ್ಟ್ 8. ಸಂಜೆ

ತಿಣುಕಿದಳು. ಮುಖ ಬೀಟ್‌ರೂಟು. ಮುಷ್ಟಿ ಬಿಗಿ. ಕಣ್ಣಲ್ಲಿ ನೀರು. ಆ ಅಳು ಕೇಳಲಾರೆ! ಸಾಯುವ ದೃಶ್ಯ ಎಷ್ಟು ಸಲ ಆಡಿದ್ದೇನೋ ಲೆಕ್ಕವಿಲ್ಲ. ಕತ್ತಿಯಿಂದ ಸತ್ತಿದ್ದೇನೆ, ವಿಷ ಕುಡಿದು ಸತ್ತಿದ್ದೇನೆ. ಆ ನರಳಾಟವೆಲ್ಲ ಇವಳ ಒಂದು ತಿಣುಕಾಟದ ಮುಂದೆ ಬರೀ ವೇಷ.

ಫಲ — ಮೇಕೆ ಹಿಕ್ಕೆಯಂಥದ್ದು ಒಂದು. ಕಲ್ಲಿನಷ್ಟು ಗಟ್ಟಿ. ಆಮೇಲೆ ಮತ್ತೆ ಬಾಗಿಲು ಬಂದ್.

ಮಕ್ಕಳ ಡಾಕ್ಟರ ಹತ್ತಿರ ಕೆಲಸ ಮಾಡುವ ನರ್ಸ್ ಯೊಲಾಂಡಾಗೆ ಕಾರ್ಲಾ ಫೋನ್ ಮಾಡಿಕೊಟ್ಟಳು. ನಾನೇ ಮಾತಾಡಿದೆ. ಅವಳದು ನಿಧಾನವಾದ, ತಣ್ಣನೆಯ ದನಿ.

"ಅಕ್ಕಿ, ಬಾಳೆಹಣ್ಣು ಸದ್ಯಕ್ಕೆ ನಿಲ್ಲಿಸಿ ಸಾರ್. ಓಟ್ಸ್ ಕೊಡಿ. ಪೇರ್ ಹಣ್ಣಿಂದೋ, ಒಣ ಪ್ಲಮ್‌ದೋ ರಸ ಸ್ವಲ್ಪ ನೀರು ಬೆರೆಸಿ ಕೊಡ್ಬಹುದು. ಬೆಚ್ಚಗಿನ ಸ್ನಾನ ಮಾಡ್ಸಿ, ಹೊಟ್ಟೆ ಮೆಲ್ಲಗೆ ಸುತ್ತ ಸವರಿ. ಹೊಟ್ಟೆ ಉಬ್ಬಿ ಕಲ್ಲಾದ್ರೆ, ವಾಂತಿಯಾದ್ರೆ, ರಕ್ತ ಕಂಡ್ರೆ ತಕ್ಷಣ ಕರ್ಕೊಂಡು ಬನ್ನಿ. ಮತ್ತೆ ಜೇನುತುಪ್ಪ ಬೇಡ. ಮಗುಗೆ ವರ್ಷ ತುಂಬೋವರೆಗೆ ಒಂದು ಹನಿನೂ ಬೇಡ. ಗೊತ್ತಾಯ್ತಾ?"

"ಗೊತ್ತಾಯಿತು!" ಅಂದೆ.

"ಸಾರ್, ನನ್ನ ಕಿವಿ ಚೆನ್ನಾಗಿದೆ. ಮೆಲ್ಲಗೆ ಮಾತಾಡಿ."

ಬೇಲಿಯಾಚೆಯಿಂದ ಪಕ್ಕದ ಮನೆಯವಳು ಕೂಗಿದಳು: "ಅಲೋಯ್ಸ್, ಯಾರಿಗೋ ಹೊಟ್ಟೆ ಕಟ್ಟಿರೋದು? ನಿನಗಾ?"

ಕಾರ್ಲಾ ಕಿಟಕಿ ಎಳೆದು ಮುಚ್ಚಿದಳು. ನನ್ನ ಕಡೆ ನೋಡಿದಳು. ಡೇಕೇರ್ ಅಂತ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ ಹಾಗಿತ್ತು.

ಗುರುವಾರ, ಆಗಸ್ಟ್ 10

ನಿನ್ನೆ ಬರೆಯಲಾಗಲಿಲ್ಲ. ತೋಳೆಲ್ಲ ನೋವು. ಸೈಕಲ್ ತುಳಿದದ್ದು ಅವಳು, ಸುಸ್ತಾದದ್ದು ನಾನು.

ಪೇರ್ ರಸ — ಎರಡು ಗುಟುಕು ಕುಡಿದಳು, ಮೂರನೆಯದನ್ನು ನನ್ನ ಕನ್ನಡಕಕ್ಕೆ ಉಗಿದಳು. ಸ್ನಾನ ಮಾಡಿಸಿದೆ, ಸ್ನಾನವಾದದ್ದು ನನಗೆ. ಓಟ್ಸ್ ತಿಂದಳು. ಹೊಟ್ಟೆ ಮೆತ್ತಗೇ ಇದೆ, ಜ್ವರವಿಲ್ಲ, ವಾಂತಿಯಿಲ್ಲ. ಹೆದರಬೇಡಿ ಅಂದಳಂತೆ ಯೊಲಾಂಡಾ. ಈ ಸಲ ಫೋನ್ ಮಾಡಿದ್ದು ಕಾರ್ಲಾ. ನನಗೆ ಕೊಡಲಿಲ್ಲ.

ಡೇಕೇರ್‌ನವರು ಫೋನ್ ಮಾಡಿದ್ದರು. ಜಾಗ ಶನಿವಾರ ಸಂಜೆವರೆಗೆ ಮಾತ್ರ ಹಿಡಿದಿಡುತ್ತಾರಂತೆ.

"ನಿನ್ನ ಪ್ರೀತಿಗೇನೂ ಕಮ್ಮಿ ಇಲ್ಲಪ್ಪಾ. ಆದ್ರೆ ನಾಳೆ ಮಗುಗೆ ಏನಾದ್ರೂ ಆದಾಗ ನೀನು ಮಗೂನ ನೋಡ್ತೀಯೋ, ಭಾಷಣ ಮಾಡ್ತೀಯೋ, ಅದೇ ನನಗೆ ಗೊತ್ತಾಗ್ತಿಲ್ಲ."

ಉತ್ತರ ಕೊಡಲು ಎದ್ದು ನಿಂತೆ. ಎದೆಯ ಮೇಲೆ ಕೈ ಇಟ್ಟೆ. ಕಾರ್ಲಾ "ನೋಡು, ನೋಡು" ಅಂದಳು. ಕೂತುಬಿಟ್ಟೆ.

ಶನಿವಾರ, ಆಗಸ್ಟ್ 12. ಬೆಳಗ್ಗೆ ಆರು

ಇವತ್ತು ಹಾಲ್‌ನಲ್ಲಿ ಕೊಲಾಚಿ ಸುಡುವ ದಿನ. ನಾಳೆ ಚರ್ಚಿನ ಪಿಕ್ನಿಕ್. ಟೆಕ್ಸಸ್‌ನ ಬಿಸಿಲಿನಲ್ಲಿ, ಎಲ್ಲ ಒಲೆ ಹೊತ್ತಿಸಿ, ಹ್ರಾಡೆಕ್‌ನ ಅಜ್ಜಿಯರೆಲ್ಲ ಸೇರಿ ಈ ಬನ್ನು ರಾಶಿ ರಾಶಿ ಸುಡುತ್ತಾರೆ, ಒಂದೊಂದರ ಹೊಟ್ಟೆಗೂ ಹಣ್ಣಿನ ಹೂರಣ. ಕಾರ್ಲಾಗೆ ಸ್ಕೂಲಲ್ಲಿ ಮೀಟಿಂಗು, ಮಧ್ಯಾಹ್ನಕ್ಕೆ ಹಾಲ್‌ಗೇ ಬರುತ್ತಾಳೆ. ಮಗು ನನ್ನ ಜೊತೆ.

"ಯಾರಿಗೂ ಹೇಳ್ಬೇಡ."

"ಪ್ರಾಣ ಹೋದರೂ—"

"ಅಪ್ಪಾ. ಬರೀ 'ಆಯ್ತು' ಅನ್ನು."

ಆಯಿತು.

ಶನಿವಾರ, ಮಧ್ಯಾಹ್ನ ಮೂರು

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಹಾಲ್‌ಗೆ ಮಗು ಬಂದರೆ ಅದು ತಂದವರದಲ್ಲ. ಈ ಊರಿನ ಪದ್ಧತಿಯೇ ಹಾಗೆ. ಮಡಿಲಿಂದ ಮಡಿಲಿಗೆ, ಮೇಜಿಂದ ಮೇಜಿಗೆ ಸುತ್ತಿ, ಮನೆಗೆ ಹೊರಡುವಾಗ ವಾಪಸು ಸಿಗುತ್ತದೆ. ನಾನೂ ಹಾಗೇ ಬೆಳೆದೆ, ಕಾರ್ಲಾಳೂ.

ಮೊದಲ ಮಡಿಲು ನಮ್ಮಕ್ಕ ಎಮಿಲಿಯಾಳದು. ಅಡುಗೆಮನೆಯ ಮಹಾರಾಣಿ. ಅವಳ ಮಾತಿಗೆ ಎದುರಾಡಿದವರು ಊರಲ್ಲಿ ಯಾರೂ ಇಲ್ಲ, ಪಾದ್ರಿಯೂ ಸೇರಿ. ಮಗುವಿನ ಹೊಟ್ಟೆ ಒತ್ತಿ ನೋಡಿದಳು.

"ಏನೋ ಇದು? ಇವಳು ಸರಿಯಾಗಿ ಹೋಗಿ ಎಷ್ಟು ದಿನ ಆಯ್ತು?"

ಮಾತು ಕೊಟ್ಟಿದ್ದೆ. ನಿಜ. ಆದರೆ ಕೇಳಿದವಳು ಒಡಹುಟ್ಟಿದ ಅಕ್ಕ! ಬಗ್ಗಿ, ಅವಳ ಕಿವಿಯ ಹತ್ತಿರ ಬಾಯಿಟ್ಟು, ಪಿಸುಗುಟ್ಟಿದೆ: "ಒಂದು ವಾರದಿಂದ ಸರಿಯಾಗಿ ಕಕ್ಕ ಆಗಿಲ್ಲ ಅಕ್ಕ."

ಇದೇ ಹಾಲ್‌ನಲ್ಲಿ ನಮ್ಮಪ್ಪ ಚೆಕ್ ಭಾಷೆಯ ನಾಟಕ ಆಡಿಸುತ್ತಿದ್ದ. ಹಿಂದಿನ ಸಾಲಿನಲ್ಲಿ ಕಿವುಡ ಹತ್ತಿ ಬೆಳೆಗಾರ ಶ್ಟೆಫೆಕ್ ಕೂರುತ್ತಿದ್ದ. "ಪಿಸುಮಾತು ಅಂದರೆ ಶ್ಟೆಫೆಕ್‌ಗೆ ಕೇಳಬೇಕು" ಅಂತ ಅಪ್ಪ ಹೊಡೆದು ಹೊಡೆದು ಕಲಿಸಿದ್ದ. ನನಗೆ ಗೊತ್ತಿರುವುದು ಅದೊಂದೇ ಪಿಸುಮಾತು.

ಹಿಟ್ಟು ನಾದುವ ಕೈಗಳೆಲ್ಲ ನಿಂತವು. ಒಲೆ ಮುಂದಿನವರು ತಿರುಗಿದರು. ಹೊರಗೆ ಟ್ರಕ್ಕಿನಿಂದ ಸಕ್ಕರೆ ಇಳಿಸುತ್ತಿದ್ದವನು, ಸಾವಿನ ಸುದ್ದಿ ಕೇಳಿದವನಂತೆ, ಟೋಪಿ ತೆಗೆದ.

ಒಂದು ಕ್ಷಣ. ಆಮೇಲೆ ಎಲ್ಲರೂ ಏನೂ ಕೇಳಿಸದವರಂತೆ ಮತ್ತೆ ಹಿಟ್ಟು ನಾದಿದರು. ಎಂಥ ಕಳಪೆ ಅಭಿನಯ! ಯಾರೂ ನನ್ನ ಕಡೆ ನೋಡಲಿಲ್ಲ. ಎಲ್ಲರೂ ಮಗುವಿನ ಕಡೆ ನೋಡಿದರು. ಎಲ್ಲರ ಮುಂದೆಯೂ ಒಂದೊಂದು ಬೋಗುಣಿ. ಬೋಗುಣಿ ತುಂಬ ಒಣ ಪ್ಲಮ್ ಹಣ್ಣಿನ ಹೂರಣ, ಕಪ್ಪಗೆ, ಮಿರಮಿರ.

ನನಗೆ ಆಗಲೇ ಹೊಳೆಯಬೇಕಿತ್ತು.

"ಅಲೋಯ್ಸ್, ಆ ಹಿಟ್ಟಿನ ಮೂಟೆ ತಾರಪ್ಪಾ." ತಂದೆ. "ಅದಲ್ಲ, ಇನ್ನೊಂದು." ಅದನ್ನೂ ತಂದೆ. "ಹಿಂದಿನ ಶೆಡ್‌ನಲ್ಲಿ ದೊಡ್ಡ ತಟ್ಟೆ ಇದೆ ನೋಡು." ಇರಲಿಲ್ಲ. ಹುಡುಕಿ, ಬೆವರಿಳಿಸಿಕೊಂಡು ವಾಪಸು ಬಂದರೆ — ರೋಝಿನಾಳ ಗದ್ದ ಕಪ್ಪು. ಮೂಗಿನ ತುದಿ ಕಪ್ಪು. ಎರಡು ಕೈಯೂ ಕಪ್ಪು. ಮುಖದ ತುಂಬ ನಗು.

"ಯಾರು ತಿನ್ನಿಸಿದ್ದು?"

"ನಾನು ಬೆರಳ ತುದೀಲಿ ಅಷ್ಟೇ" ಅಂದಳು ಪಕ್ಕದ ಮೇಜಿನ ಬೆರ್ನೀಸ್.

"ನೀನೂನಾ? ನಾನೂ ಅಷ್ಟೇ, ಬೆರಳ ತುದೀಲಿ" ಅಂದಳು ಅವಳ ನಾದಿನಿ.

"ಅಯ್ಯೋ, ನಾನೊಬ್ಬಳೇ ಕೊಟ್ಟಿದ್ದು ಅಂದ್ಕೊಂಡೆ!"

ಎಷ್ಟು ಅಜ್ಜಿಯರೋ ಅಷ್ಟು ಬೆರಳು. ಒಬ್ಬೊಬ್ಬರೂ ಗುಟ್ಟಾಗಿ, ಹೆಸರು ತಮಗೇ ಬರಲಿ ಅಂತ. ನೆಲ ಬಾಯಿಬಿಡಬಾರದೇ ಅನ್ನಿಸಿತು. ಕಾರ್ಲಾಳ ಎರಡೂ ಷರತ್ತು, ಒಂದೇ ಬೆಳಗ್ಗೆ, ಮುರಿದು ಚೂರು.

ಅಷ್ಟರಲ್ಲಿ ಕಂಡೆ. ಮಗು ಮತ್ತೆ ಎಮಿಲಿಯಾಳ ಮಡಿಲಲ್ಲಿ. ಎಮಿಲಿಯಾಳ ಕೈಯಲ್ಲಿ ಚಮಚ. ಚಮಚದಿಂದ ಇಳಿಯುತ್ತಿರುವುದು ಬಂಗಾರದ ಬಣ್ಣದ ದಾರ.

ಜೇನು.

ಮಗು ಬಾಯಿ ತೆರೆಯಿತು.

"ಬೇಡ!!"

ಯೋಚಿಸಿ ಕೂಗಿದ್ದಲ್ಲ. ಹೊಕ್ಕುಳಿಂದ ಬಂತು. ತಗಡಿನ ಚಾವಣಿ ಝಲ್ಲೆಂದಿತು. ಬೆರ್ನೀಸ್ ಕೈಯಿಂದ ತಟ್ಟೆ ಬಿತ್ತು. ವೇದಿಕೆಯ ಹಳೇ ಪರದೆ — ಹತ್ತಿ ಗಿರಣಿಯ, ಶವಪೆಟ್ಟಿಗೆ ಅಂಗಡಿಯ ಜಾಹೀರಾತು ಬರೆದಿರುವುದು — ತಾನೇ ಅಲುಗಾಡಿತು ಅಂತ ಆಮೇಲೆ ಹೇಳಿದರು.

ಎಮಿಲಿಯಾಳ ಚಮಚ ಅರ್ಧ ದಾರಿಯಲ್ಲಿ ನಿಂತಿತು.

"ಯಾರ ಮುಂದೆ ಗಂಟಲು ಏರಿಸ್ತಿದ್ದೀಯೋ? ನಿನ್ನನ್ನ ಬೆಳೆಸಿದ್ದೇ ಇದೇ ಜೇನಲ್ಲಿ!"

"ಬೆಳೆಸಿದ್ದಿ, ನಾನು ಬದುಕಿದ್ದು ಅದೃಷ್ಟ. ವರ್ಷ ತುಂಬದ ಮಗೂಗೆ ಜೇನು ವಿಷ ಆಗಬಹುದು. ಚಮಚ ಕೆಳಗಿಡು ಅಕ್ಕ."

"ಇಡದಿದ್ರೆ?"

"ಇಡು."

ಈ ಎರಡನೆಯದನ್ನು ಮೆಲ್ಲಗೆ ಹೇಳಿದೆ. ಹೇಗೆ ಬಂತೋ ಗೊತ್ತಿಲ್ಲ. ಬರೀ ಅಕ್ಕನಿಗಷ್ಟೇ ಕೇಳಿಸಿತು. ಚಮಚ ಕೆಳಗಿಟ್ಟಳು.

ರೋಝಿನಾ ನನ್ನನ್ನೇ ನೋಡುತ್ತಿದ್ದಳು. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ಹುಬ್ಬು ಗಂಟಾಯಿತು. ಕಾಲು ಮಡಚಿದಳು. ಮುಖ ಗುಲಾಬಿ, ಕೆಂಪು, ನೇರಳೆ —

ನಾಯಕನ ಪ್ರವೇಶ! ಕಹಳೆ ಸಮೇತ! ಒಬ್ಬನೇ ಬರಲಿಲ್ಲ, ಸಕಲ ಸೈನ್ಯದೊಂದಿಗೆ ಬಂದ. ಡಯಾಪರ್ ಕೋಟೆ ಒಡೆಯಿತು, ಎಮಿಲಿಯಾಳ ಇಸ್ತ್ರಿ ಮಾಡಿದ ಬಿಳಿ ಏಪ್ರನ್ ಶರಣಾಯಿತು, ಬಲಗಾಲಿನ ಚಪ್ಪಲಿವರೆಗೂ ಮುತ್ತಿಗೆ ತಲುಪಿತು.

ಚಪ್ಪಾಳೆ! ಎದ್ದು ನಿಂತು ಚಪ್ಪಾಳೆ! ಬೆರ್ನೀಸ್ ಅತ್ತಳು.

"ನನ್ನ ಬೆರಳಿಂದ ಆಗಿದ್ದು!"

"ನಿನ್ನ ಬೆರಳಲ್ಲಿ ಏನಿತ್ತು? ನಾನು ಕೊಟ್ಟಿದ್ದು ಎರಡು ಸಲ!"

"ಅಲೋಯ್ಸ್ ಕಿರುಚಿದ್ದಕ್ಕೆ ಆಗಿದ್ದು ಕಣ್ರೇ, ನನಗೇ ಆಗೋ ಹಾಗಿತ್ತು!"

ವಾರವೆಲ್ಲ ಕೊಟ್ಟ ಪೇರ್ ರಸ, ಓಟ್ಸು, ಸೈಕಲ್ಲು — ಅವುಗಳ ಹೆಸರು ಯಾರೂ ಎತ್ತಲಿಲ್ಲ.

ನಾನು ವಂದಿಸಲು ಬಗ್ಗಿದೆ. ತಲೆಯೆತ್ತಿದಾಗ ಬಾಗಿಲಲ್ಲಿ ಕಾರ್ಲಾ.

ಕೈಯಲ್ಲಿ ಫೋನು. ನನ್ನ ಕಡೆ ತಿರುಗಿಸಿ ತೋರಿಸಿದಳು. 'ಪಾಪ ಮಗು, ವಾರದಿಂದ ಆಗಿಲ್ಲವಂತೆ', 'ಪಾಪ ರೋಝಿನಾ', 'ನಿಮ್ಮಪ್ಪ ಹೇಳಿದ್ರು' — ಮೆಸೇಜಿನ ಮೇಲೆ ಮೆಸೇಜು.

"ಮೀಟಿಂಗ್ ನಡುವೆ ಬಂತು" ಅಂದಳು. "ಪ್ರಿನ್ಸಿಪಾಲ್‌ಗೂ ಬಂತು."

ಮಗುವನ್ನು ತೊಳೆದಳು. ಮನೆಗೆ ಬಂದೆವು.

ಶನಿವಾರ, ಸಂಜೆ

ಕಾರ್ಲಾ ಡೇಕೇರ್‌ಗೆ ಫೋನ್ ಮಾಡುತ್ತಿದ್ದಾಳೆ. ಅಡುಗೆಮನೆಯಲ್ಲಿ. ನಾನು ಜಗಲಿಯಲ್ಲಿ, ಮಡಿಲಲ್ಲಿ ಮಗು. ಹಗುರವಾಗಿದ್ದಾಳೆ, ಹತ್ತಿಯಂತೆ. ನನ್ನ ಗುಂಡಿ ಜಗಿಯುತ್ತಿದ್ದಾಳೆ. ಬಿಡಿಸಿದೆ. ಬಾಯಿಗೆ ಏನೂ ಹಾಕಬಾರದು.

ಏನು ಹೇಳುತ್ತಿದ್ದಾಳೋ ಒಂದಕ್ಷರ ಕೇಳಿಸುತ್ತಿಲ್ಲ. ಎಷ್ಟು ಮೆಲ್ಲಗೆ ಮಾತಾಡುತ್ತಾಳೆ ಇವಳು! ನನ್ನ ಮಗಳೇ ಅಲ್ಲ.

ಬಂದಳು. ಪಕ್ಕದಲ್ಲಿ ಕೂತಳು.

"ನೀನು ಕೂಗ್ದಾಗ ನಾನಿನ್ನೂ ಕಾರ್ ನಿಲ್ಲಿಸ್ತಿದ್ದೆ. ಓಡಿ ಬಂದೆ. ನಾನು ಬರೋದ್ರೊಳಗೆ ಆಗೋಗಿತ್ತು."

"ಕಾರ್ಲಾ, ನಾನು—"

"ಎಮಿಲಿಯಾ ಅತ್ತೆ ಕೈಯಿಂದ ಚಮಚ ಇಳಿಸಿದ್ಯಂತೆ. ಬೆರ್ನೀಸ್ ಹೇಳಿದ್ಲು. ಅಪ್ಪಾ, ನಾನು ಅವರಿಗೆ 'ಬೇಡ' ಅಂದಿದ್ದು ಜನ್ಮದಲ್ಲೇ ಇಲ್ಲ. ನನ್ನ ಮದುವೆ ಬಟ್ಟೆ ಕೂಡ ಅವರದೇ ಆಯ್ಕೆ."

ಎದೆಯ ಮೇಲೆ ಕೈ ಇಡಲಿಲ್ಲ ನಾನು. ಎದ್ದು ನಿಲ್ಲಲೂ ಇಲ್ಲ.

"ಡೇಕೇರ್‌ಗೆ ಬೇಡ ಅಂದೆ. ಸೋಮವಾರ ಏಳಕ್ಕೆ ಬಂದ್ಬಿಡು. ಆದ್ರೆ ಇವಳ ಡಯಾಪರ್ ಸುದ್ದಿ ಈ ಮನೆ ಗೋಡೆ ದಾಟಿದ್ರೆ—"

"ಆಯಿತು" ಅಂದೆ. ಬರೀ ಆಯಿತು.

ಸೋಮವಾರ, ಆಗಸ್ಟ್ 14. ಬೆಳಗ್ಗೆ ಒಂಬತ್ತು

ಓಟ್ಸ್ ಆಯಿತು. ಸೈಕಲ್ ಆಯಿತು. ಕಂಬಳಿಯ ಮೇಲೆ ಅಂಗಾತ ಮಲಗಿ ಫ್ಯಾನಿನ ಜೊತೆ ಮಾತಾಡುತ್ತಿದ್ದಾಳೆ. ಬೀದಿಯಲ್ಲಿ ಪೋಸ್ಟಿನವನು. ಎದುರುಮನೆಯವರು ಹುಲ್ಲು ಕತ್ತರಿಸುತ್ತಿದ್ದಾರೆ. ಅಕ್ಕ ಇನ್ನೂ ಮಾತು ಬಿಟ್ಟಿದ್ದಾಳೆ, ಆದರೆ ಕೊಲಾಚಿ ಕಳಿಸಿದ್ದಾಳೆ, ಗಸಗಸೆಯದು.

ತಾಳು. ಮಾತು ನಿಂತಿತು. ಹುಬ್ಬು ಗಂಟು. ಕಾಲು ಮೇಲೆ ಬಂತು. ಕೆಂಪು... ಹೂಂ... ಹೌದು, ಬರುತ್ತಿದೆ, ತಾನಾಗಿಯೇ, ಅಳುವೇ ಇಲ್ಲದೆ! ಓ ನನ್ನ ರಾಣಿ! ಓ ನನ್ನ —

ಇಲ್ಲ. ಮೊದಲು ಕಿಟಕಿ ಮುಚ್ಚಬೇಕು. ಮುಂಬಾಗಿಲ ಕಿಟಕಿ, ಅಡುಗೆಮನೆಯದು, ಬಚ್ಚಲಿನದು. ಆಮೇಲೆ ಚಪ್ಪಾಳೆ!