ಮೊಲಿವೊಸ್ ಕೋಟೆ ತಲುಪದ ಬಸ್ಸು

ಲೆಸ್ವೋಸ್ ದ್ವೀಪದ ಬೆಟ್ಟದೂರಿನಿಂದ, ಸಂಜೆ

ಆರ್ಗಿರಿಸ್ ಧಣಿಗಳಿಗೆ ನಿಮ್ಮ ಡ್ರೈವರ್ ಸ್ತ್ರಾಟಿಸ್‌ನ ನಮಸ್ಕಾರ.

ಫೋನಿನಲ್ಲಾದರೆ ನೀವು ಬೈಯುತ್ತೀರಿ, ಅದಕ್ಕೇ ಈ ಪತ್ರವನ್ನು ಮೀನಿನ ವ್ಯಾನಿನವನ ಕೈಲಿ ಕಳಿಸುತ್ತಿದ್ದೇನೆ. ಪ್ರವಾಸಿಗರಿಗೆ ಕೋಟೆಯನ್ನೂ ತೋರಿಸಿಲ್ಲ, ಕಡಲತೀರವನ್ನೂ ತೋರಿಸಿಲ್ಲ. ಇವತ್ತು ಸಂತ ಕಲಿಯೋಪಿಯ ದಿನ, ಆ ಹೆಸರಿನವರೆಲ್ಲ ಮನೆಗೆ ಬಂದವರಿಗೆ ಉಣಿಸುವ ಹಬ್ಬವೆಂಬುದನ್ನು ನೀವು ಮರೆತಂತಿದೆ. ಅದೇ ಹೆಸರಿನ ಹಿರಿಯಮ್ಮ ಒಬ್ಬರು ಚೆರ್ರಿ ಪಾಕದ ತಟ್ಟೆ ಹಿಡಿದು ಬಸ್ಸಿಗೇ ಅಡ್ಡ ನಿಂತರು.

"ನನ್ನ ಹೆಸರಿನ ಹಬ್ಬದ ದಿನ ನನ್ನ ಬಾಗಿಲು ದಾಟ್ಕೊಂಡು ಹೋಗ್ತೀಯೇನೋ? ಇಳಿಸು ಎಲ್ಲರನ್ನೂ!"

ಹಬ್ಬದ ಮನೆಯಲ್ಲಿ ಬೇಡವೆಂದರೆ ನಮ್ಮ ಕಡೆ ಮೊಮ್ಮಕ್ಕಳ ಕಾಲದವರೆಗೂ ಮಾತು ಬಿಡುತ್ತಾರೆ, ನಿಮಗೇ ಗೊತ್ತು. ಕೋಟೆ ಯಾವಾಗ ಎಂದು ಕೇಳಿದ ಜರ್ಮನ್ ಮೇಷ್ಟರ ಬಾಯಿಗೆ ಇನ್ನೊಂದು ಚಮಚ ಪಾಕ ಬಿತ್ತು.

"ಕಲ್ಲು ನೋಡೋಕೆ ಇಷ್ಟು ದೂರ ಬಂದ್ಯಾ ಮಗಾ? ಮೊದ್ಲು ತಿನ್ನು."

ಎರಡು ಲೋಟ ಊಜೊ ಮದ್ಯ ಇಳಿದ ಮೇಲೆ ಕೋಟೆ ಬೇಡವೆಂದು ಮೇಷ್ಟರೇ ಹೇಳಿದರು. ಈಗ ಎಲ್ಲರೂ ಅಂಗಳದಲ್ಲಿ ಕುಣಿಯುತ್ತಿದ್ದಾರೆ.

ಹೊರಡೋಣವೆಂದರೆ ಬಸ್ಸಿನ ಕೀ ಹಿರಿಯಮ್ಮನ ಜೇಬಿನಲ್ಲಿದೆ. "ಬಸ್ಸಿನ ಯಜಮಾನ ಬಂದು ತಿನ್ನೋವರೆಗೂ ಕೊಡಲ್ಲ" ಎನ್ನುತ್ತಾರೆ. ಕಿತ್ತುಕೊಳ್ಳಲು ನನಗೆ ಧೈರ್ಯವಿಲ್ಲ, ನಿಮಗೂ ಇರಲಾರದು. ದಯವಿಟ್ಟು ಬೇಗ ಬನ್ನಿ.

ಬರುವಾಗ ಹೂ ತನ್ನಿ. ಹೋದ ವರ್ಷದ್ದೂ ಬಾಕಿ ಇದೆಯೆಂದು, ಕೀ ಇರುವ ಜೇಬು ತಟ್ಟುತ್ತಾ, ನಿಮ್ಮ ಅಮ್ಮ ಹೇಳುತ್ತಿದ್ದಾರೆ.

ಕೀಗಾಗಿ ಕಾಯುತ್ತಿರುವ,
ಸ್ತ್ರಾಟಿಸ್