ಗಿರಿಧರನ ಕಾರಿನ ಕಿಲುಬು

ಸುಮಿತಾಗೆ, ಮಾವನ ಆಶೀರ್ವಾದ.

ಚಿತ್ತಾಕುಲ ಊರಿನವರು ಇವತ್ತು ಹನ್ನೊಂದಕ್ಕೆ, ಕೊಳ್ಳಲೆಂದು, ಗಿರಿಧರನ ಫಿಯೆಟ್ ನೋಡಲು ಬರುತ್ತಾರೆ. ಅವರಿಗೆ ಮಾತು ಕೊಡುವ ಮೊದಲು ಇದನ್ನು ಓದು.

ಪ್ಲಗ್ಗುಗಳಿಗೆ ಕರೆಂಟು ಹಂಚುವ ಡೆಲ್ಕೋದ ಮುಚ್ಚಳವನ್ನು ನಿನ್ನೆ ಮೆಕ್ಯಾನಿಕ್ ದೇವು ಬಿಚ್ಚಿದ. ಒಳಗೆಲ್ಲ ಹಸಿರು ಕಿಲುಬು. "ಅಜ್ಜಾ, ಬರೀ ಕಡಲ ಗಾಳಿಗೆ ಇಷ್ಟು ಹಿಡಿಯೂದಿಲ್ಲ. ಇದನ್ನ ಉಪ್ಪಿನಕಾಯಿ ಹಾಕಿದ್ದು ಯಾರು?" ಎಂದು ನಕ್ಕ.

ಹಾಕಿದ್ದು ನಾನೇ. ದೋಣಿಯ ಮೂತಿಗೆ ಸಮುದ್ರದ ನೀರು ಚಿಮುಕಿಸಿ ಕೈಮುಗಿಯುವುದು ನಮ್ಮ ಮನೆಯ ರೂಢಿ. ಮಗ ಗಿರಿಧರ ತೀರಿಹೋದ ಮೇಲೆ ಪ್ರತಿ ಅಮಾವಾಸ್ಯೆಗೂ ಬಾನೆಟ್ ಎತ್ತಿ ಹಾಗೆಯೇ ಮಾಡಿದೆ. ದೇವರು ಅವನ ಕಾರನ್ನಾದರೂ ಕಾಯಲಿ ಎಂದುಕೊಂಡೆ. ನೀನು ವಾರವಾರ ಎಂಜಿನ್ ತಿಕ್ಕಿ, ಅದು ಸ್ಟಾರ್ಟ್ ಆಗದೆ ಸೋತು, "ಅವರ ಕೈಗುಣ ನನಗೆ ಬರೂದಿಲ್ಲ ಮಾವ, ಮಾರಿಬಿಡ್ವಾ" ಎಂದು ಕಣ್ಣೀರು ಹಾಕಿದೆ. ನಿನ್ನ ಕೈಯಲ್ಲಿ ತಪ್ಪಿರಲಿಲ್ಲ, ಮಗಳೇ. ಎದುರು ನಿಂತು ಹೇಳಲಾರದೆ ಈ ಚೀಟಿ ಬರೆದೆ.

ಮೊದಲು ಬ್ಯಾಟರಿಯ ತಂತಿ ಬಿಚ್ಚು. ಕಿಲುಬನ್ನು ನಯವಾದ ಪಾಲಿಶ್ ಕಾಗದದಿಂದ ಉಜ್ಜಿ, ಒಣಬಟ್ಟೆಯಲ್ಲಿ ಒರೆಸು. ತಂತಿಗಳ ತುದಿಯ ರಬ್ಬರ್ ಟೊಪ್ಪಿಗೆ ಸೀಳಿದ್ದರೆ ದೇವುವಿನಿಂದ ಹೊಸದು ಹಾಕಿಸು. ಉಪ್ಪುನೀರು ತಾಗದಿದ್ದರೆ ಇನ್ನೂ ಓಡುತ್ತದೆ ಎಂದು ಅವನು ಹೇಳಿದ್ದಾನೆ.

ಗಂಜಿ ಒಲೆಯ ಮೇಲಿದೆ, ಉಂಡು ಕೆಲಸಕ್ಕೆ ಇಳಿ.

ಇಂದೂ ಅಮಾವಾಸ್ಯೆ. ನಾನು ದಂಡೆಗೆ ಹೋಗಿದ್ದೇನೆ. ಬರುವಾಗ ತಂಬಿಗೆ ತುಂಬಿಕೊಂಡೇ ಬರುತ್ತೇನೆ. ತಿಳಿದಿದ್ದರೂ ಕೈ ನನ್ನ ಮಾತು ಕೇಳುವುದಿಲ್ಲ. ಕಾರಿನ ಕೀಲಿ ಈ ಚೀಟಿಯ ಕೆಳಗಿದೆ; ಬಾಗಿಲು ತೆರೆಯದೆ ಬಾನೆಟ್ ಏಳುವುದಿಲ್ಲ. ಕಾರು ಇಟ್ಟುಕೊಳ್ಳುವುದೋ ಮಾರುವುದೋ, ನಿನ್ನ ಇಷ್ಟ. ಇಟ್ಟುಕೊಂಡರೆ, ನಾನು ಎಷ್ಟು ಬೇಡಿದರೂ ಕೀಲಿ ಕೊಡಬೇಡ.