ನಾಲಿಗೆಯಡಿಯ ಮಾತ್ರೆ

ಅಕ್ಕಾ,

ಇವತ್ತು ಗಿರಣಿ ಆಸ್ಪತ್ರೆಯ ಕ್ಷಯದ ಪಟ್ಟಿಗೆ ನನ್ನ ಹೆಸರು ಸೇರಿತು. ಕೆಲಸದಿಂದ ಕಿತ್ತುಹಾಕಿದವರಿಗೂ ಮಾತ್ರೆ ಕೊಡಿ ಎಂದು ಗೇಟಿನೆದುರು ಹನ್ನೊಂದು ದಿನ ಕೂತೆವು. ನಿನ್ನ ಹೆಣವನ್ನು ಅಲ್ಲಿ ತಂದು ಮಲಗಿಸಿದ ಮೇಲೆ ಗಿರಣಿ ಸಾಹೇಬರ ಕಣ್ಣು ತೆರೆಯಿತು.

ಕ್ಷಯ ಇಬ್ಬರಿಗೂ ಇತ್ತು; ಆಸ್ಪತ್ರೆಯ ಕಾರ್ಡಿದ್ದದ್ದು ಕೆಲಸ ಉಳಿದಿದ್ದ ನಿನಗೆ ಮಾತ್ರ. ನರ್ಸಮ್ಮನೆದುರು ನುಂಗಿದಂತೆ ನಟಿಸಿ, ಮಾತ್ರೆಯನ್ನು ನಾಲಿಗೆಯಡಿ ಇಟ್ಟುಕೊಂಡು ನೀನು ಮನೆಗೆ ತರುತ್ತಿದ್ದೆ.

“ಎಂಜಲು ಅಂತ ಮೂತಿ ತಿರುವಬೇಡವೋ ಮಹಾರಾಜ, ನುಂಗು. ನನ್ನದು ಅಲ್ಲೇ ಆಯ್ತು.”

ಅವರು ಕೊಡುತ್ತಿದ್ದದ್ದು ದಿನಕ್ಕೊಂದೇ ಎಂದು ನನಗೆ ಗೊತ್ತಿತ್ತು. ನುಂಗಿದೆ.

ನರ್ಸಮ್ಮ ಈಗ ಮೋಸ ಹೋಗುವುದಿಲ್ಲ. ನೀರು ಕುಡಿಸಿ, “ಬಾಯಿ ತೆಗಿ, ನಾಲಿಗೆ ಎತ್ತು” ಅಂದಳು.

ಎತ್ತಿದೆ. ಅಡಿಯಲ್ಲಿ ಏನೂ ಇರಲಿಲ್ಲ. ಇದ್ದಿದ್ದರೆ ನಾನು ಯಾರಿಗೆ ತರುತ್ತಿದ್ದೆ?